ಮೂರು ಲೋಟ ನೀರು

"ನಿಲ್ಸಿ, ನಿಲ್ಸಿ... ಇದು ಸಾಯ್ತಿದೆ!"

ಸೈಕಲ್ ರಿಕ್ಷಾ ಪೂರ್ತಿ ನಿಲ್ಲುವ ಮೊದಲೇ ಒದಾಲಿಸ್ ಬುಟ್ಟಿಯ ಮುಚ್ಚಳ ಕಿತ್ತು ರಸ್ತೆಗೆ ಎಸೆದಿದ್ದಳು. ಒಳಗೆ ಅವಳ ಬೆಕ್ಕು ಮರದ ತುಂಡಿನಂತೆ ಸೆಟೆದುಕೊಂಡಿತ್ತು. ನಾಲ್ಕೂ ಕಾಲುಗಳು ಅದುರುತ್ತಿದ್ದವು. ಬಾಯಿಯ ಅಂಚಿನಲ್ಲಿ ನೊರೆ.

ರಿಕ್ಷಾದವನು ಇಳಿದು ಬಂದು ಬಗ್ಗಿ ನೋಡಿದ.

"ಏನು ಕಾಯಿಲೆ?"

"ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಕೊಟ್ಟೆ. ಕೊಟ್ಟಿದ್ದು ಮರೆತು ಇನ್ನೊಂದು ಸಲ ಕೊಟ್ಟೆ ಅನ್ಸುತ್ತೆ... ನಂಗೇನೂ ನೆನಪಿಲ್ಲ..."

ಅವನು ಅಂಗಿಯ ಜೇಬಿನಿಂದ ಸಣ್ಣದೊಂದು ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಸಕ್ಕರೆ ಇತ್ತು. ಅಂಗೈಗೆ ಸುರಿದುಕೊಂಡು, ಉಗುಳು ಹಾಕಿ, ಬೆರಳಲ್ಲಿ ಕಲಸಿದ.

"ಬಾಯಿ ಅಗಲಿಸಿ ಹಿಡೀರಿ."

"ಕಚ್ಚುತ್ತೆ."

"ಕಚ್ಚಲಿ. ಕಚ್ಚೋವಷ್ಟು ಜೀವ ಬಂದ್ರೆ ಸಾಕಲ್ಲ."

ಕಮಗ್ವೇ ಊರಿನ ಆ ಸೊಟ್ಟ ಗಲ್ಲಿಯಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅವಳ ಬೆಕ್ಕಿನ ವಸಡಿಗೆ ಸಕ್ಕರೆ ತಿಕ್ಕುತ್ತಾ ಮೊಣಕಾಲೂರಿ ಕುಳಿತಿದ್ದ. ಒಂದು ನಿಮಿಷ. ಎರಡು. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು... ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ.

ಮೂರನೆಯ ನಿಮಿಷಕ್ಕೆ ಬೆಕ್ಕು ಕಚ್ಚಿತು. ಬೆರಳಿನಿಂದ ರಕ್ತ ಒಸರಿತು. ಅವನು ಕೈ ಹಿಂದೆ ತೆಗೆಯಲಿಲ್ಲ.

"ಹೆಸರೇನು ಇದರದ್ದು?"

"ಬೊನಿಯಾತೊ."

ಬೊನಿಯಾತೊ ಎಂದರೆ ಸಿಹಿಗೆಣಸು. ಅವನು ಬೆಕ್ಕನ್ನೂ ಅವಳನ್ನೂ ನೋಡಿದ.

"ಸಿಹಿಗೆಣಸು ಅಂತ ನೀವೇ ಹೆಸರಿಟ್ಟು, ಸಕ್ಕರೆ ಕಾಯಿಲೆ ಬಂತು ಅಂತ ನೀವೇ ಅಳ್ತಿದ್ದೀರಾ?"

ಅವಳು ಅಳುತ್ತಲೇ ನಕ್ಕಳು. ನಕ್ಕಿದ್ದಕ್ಕೆ ಅವನ ಮೇಲೆ ಸಿಟ್ಟೂ ಬಂತು.

ಅವನ ಹೆಸರು ಅನ್ಸೆಲ್ಮೊ. ದೂರದ ಬರಾಕೋವಾ ಊರಿನ ಕಡೆಯವನು, ಐವತ್ತು ದಾಟಿದವನು.

*

ಒದಾಲಿಸ್‌ಗೆ ನಲವತ್ತಾರು. ಬಡಾವಣೆಯ ಆಸ್ಪತ್ರೆಯಲ್ಲಿ ಪಾದಗಳ ಆರೈಕೆ ಅವಳ ಕೆಲಸ. ಮುದುಕರ ಉಗುರು ಕತ್ತರಿಸುವುದು, ಆಣಿ ತೆಗೆಯುವುದು, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುವುದು. ಸಂಜೆ ಮನೆಯಲ್ಲೂ ಒಂದಿಬ್ಬರು ಬರುತ್ತಿದ್ದರು. ಬೊನಿಯಾತೊಗೆ ಹದಿನೈದು ವರ್ಷ. ಅವಳ ಗಂಡ ಆ ಮನೆಯಲ್ಲಿ ಇದ್ದದ್ದು ಆರು ವರ್ಷ, ಬೆಕ್ಕು ಅದರ ಎರಡರಷ್ಟಕ್ಕೂ ಹೆಚ್ಚು ಕಾಲ ಉಳಿದಿತ್ತು.

ಈಗ ಅವಳ ದಿನವೆಲ್ಲ ಬೆಕ್ಕಿನ ಸುತ್ತಲೇ. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಅದು ಮೂತ್ರ ಮಾಡುವ ಮರಳಿನ ತಟ್ಟೆ ನೋಡುತ್ತಿದ್ದಳು. ಇರುವೆ ಮುತ್ತಿದ್ದರೆ ಸಕ್ಕರೆ ಏರಿದೆ ಎಂದು ಅರ್ಥ. ಇರುವೆ ಇಲ್ಲದ ದಿನ ಅವಳಿಗೆ ಹಬ್ಬ. ನೀರಿನ ಬಟ್ಟಲಿನ ಒಳಗೆ ಉಗುರುಬಣ್ಣದಿಂದ ಗೆರೆ ಎಳೆದಿದ್ದಳು, ಬೆಕ್ಕು ಬಾಯಾರಿ ನೀರು ಆ ಗೆರೆಗಿಂತ ಕೆಳಗಿಳಿದರೂ ಸಕ್ಕರೆ ಏರಿದೆ ಎಂದೇ ಅರ್ಥ. ಕೆಲಸದ ನಡುವೆ ಯಾರದೋ ಪಾದ ಕೈಯಲ್ಲಿ ಹಿಡಿದಿರುವಾಗಲೇ ಅನಿಸುತ್ತಿತ್ತು... ಈಗ ಬಿದ್ದಿದ್ದರೆ? ಈಗ ಸೆಟೆದುಕೊಂಡಿದ್ದರೆ? ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದು, ಬೆಕ್ಕಿನ ಹೊಟ್ಟೆ ಏರಿಳಿಯುವುದನ್ನು ನೋಡಿ, ಊಟ ಮಾಡದೆ ವಾಪಸ್ಸು ಓಡುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಚಿಂತೆ ಔಷಧಿಯದು. ಬೆಕ್ಕಿಗೆ ಅಂತ ಇನ್ಸುಲಿನ್ ಯಾರೂ ಕೊಡುವುದಿಲ್ಲ. ಮನುಷ್ಯರಿಗೇ ಔಷಧಿ ಕಾರ್ಡು ಇದ್ದರೆ ಮಾತ್ರ. ಪರಿಚಯದವರೊಬ್ಬರು ಕೊಟ್ಟಿದ್ದ ಸೀಸೆ ತಳ ಕಂಡಿತ್ತು.

ರಿಕ್ಷಾ ಘಟನೆಯಾದ ನಾಲ್ಕನೆಯ ದಿನ ಅನ್ಸೆಲ್ಮೊ ಬಾಗಿಲು ತಟ್ಟಿದ. ಒದ್ದೆ ಬಟ್ಟೆ ಸುತ್ತಿದ ಹೊಸ ಸೀಸೆಯೊಂದು ಅವನ ಕೈಯಲ್ಲಿತ್ತು.

"ಎಲ್ಲಿಂದ ತಂದ್ರಿ?"

"ನಮ್ಮಮ್ಮನ ಕಾರ್ಡು. ಅಮ್ಮ ಹೋಗಿ ವರ್ಷ ಆಯ್ತು. ಕಾರ್ಡಲ್ಲಿ ಹೆಸರು ಹೊಡೆದು ಹಾಕೋಕೆ ಯಾರಿಗೂ ನೆನಪಾಗಿಲ್ಲ. ತಿಂಗಳಿಗೊಂದು ಬರ್ತಾನೇ ಇದೆ."

ಅವಳು ನಂಬಿದಳು. ಸತ್ತವರ ಹೆಸರಿನಲ್ಲಿ ವರ್ಷಗಟ್ಟಲೆ ಪಡಿತರದ ಬ್ರೆಡ್ಡು ಬರುವುದನ್ನು ಕಂಡವಳಿಗೆ ಇದರಲ್ಲಿ ನಂಬದಿರಲು ಏನೂ ಇರಲಿಲ್ಲ.

"ನಿಮ್ಮಮ್ಮನಿಗೆ ಒಂದು ಮೇಣದಬತ್ತಿ ಹಚ್ತೀನಿ," ಎಂದಳು.

"ಹಚ್ಚಿ. ಅಮ್ಮನಿಗೆ ಬೆಕ್ಕು ಕಂಡ್ರೆ ಆಗ್ತಿರಲಿಲ್ಲ."

ಕರೆಂಟು ದಿನಕ್ಕೆ ಹತ್ತು ತಾಸು ಇರುತ್ತಿರಲಿಲ್ಲ. ಅಂಗಳದಲ್ಲಿ ಅಜ್ಜಿಯ ಕಾಲದ ಮಣ್ಣಿನ ಗುಡಾಣವಿತ್ತು, ಆಳೆತ್ತರದ್ದು, ಮಳೆನೀರು ತುಂಬಿದ್ದು. ಅದರ ಬುಡದ ಒದ್ದೆ ಮರಳಿನಲ್ಲಿ ಅವನು ಸೀಸೆ ಹೂತಿಟ್ಟ. ಆಮೇಲೆ ಸೀಮೆಸುಣ್ಣದಿಂದ ಗುಡಾಣದ ಹೊಟ್ಟೆಯ ಮೇಲೆ ಒಂದು ಗೀಟು ಎಳೆದ.

"ಚುಚ್ಚಿದ ತಕ್ಷಣ ಒಂದು ಗೀಟು ಹಾಕಿ, ಡಾಕ್ಟ್ರಮ್ಮ. ಆಗ ಮರೆತು ಎರಡು ಸಲ ಕೊಡಲ್ಲ."

"ನಾನು ಡಾಕ್ಟ್ರಲ್ಲ."

"ಕಾಲಿಗೆ ಡಾಕ್ಟ್ರೇ ತಾನೆ."

ಅವತ್ತು ಅವನು ಗುಡಾಣದ ನೀರನ್ನು ಕೇಳಿ ಕುಡಿದ. ಒಂದಲ್ಲ, ಮೂರು ಲೋಟ.

ಗುಡಾಣದ ನೀರು ಕುಡಿದ ಪರವೂರಿನ ಗಂಡಸು ಕಮಗ್ವೇ ಬಿಟ್ಟು ಹೋಗುವುದಿಲ್ಲ ಎಂದು ಊರಲ್ಲಿ ಒಂದು ನಂಬಿಕೆ. ಹುಡುಗಿಯರು ಅದನ್ನೇ ಹೇಳಿಕೊಂಡು ಕಿಸಿಕಿಸಿ ನಗುತ್ತಾರೆ. ಪಕ್ಕದ ಮನೆಯ ಮುದುಕಿ ಎದೆಲ್ಮಿರಾ ಗೋಡೆಯಾಚೆಯಿಂದ ನೋಡಿ ಕೂಗಿದಳು.

"ಮೂರು ಲೋಟವಾ? ಮಗಳೇ, ಇವನು ಊರು ಬಿಡೋದಿರಲಿ, ನಿನ್ನ ಅಂಗಳಾನೂ ಬಿಡಲ್ಲ."

ಒದಾಲಿಸ್‌ಳ ಕಿವಿ ಬಿಸಿಯಾಯಿತು.

*

ಅವನು ದಿನವೂ ಬರತೊಡಗಿದ. ಬೆಳಿಗ್ಗೆ ಒಂದು ಸಲ ಅವಳೇ ಚುಚ್ಚುವಳು, ಸಂಜೆ ಏಳಕ್ಕೆ ಎರಡನೆಯ ಸಲ. ಅವಳು ಬೆಕ್ಕನ್ನು ಹಿಡಿದರೆ ಅವನು ಚುಚ್ಚುತ್ತಿದ್ದ. ಆಮೇಲೆ ಒಂದು ಗೀಟು. ಆಮೇಲೆ ಮೂರು ಲೋಟ ನೀರು.

"ಎಷ್ಟು ಕುಡೀತಿ ಮಾರಾಯ," ಎನ್ನುವಳು.

"ಊರು ಬಿಟ್ಟು ಹೋಗಬಾರದಲ್ಲ," ಎನ್ನುವನು.

ಅವನು ಹೋದ ಮೇಲೆ ಆ ಲೋಟವನ್ನು ತಕ್ಷಣ ತೊಳೆಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಇಷ್ಟು ವರ್ಷಗಳ ಮೇಲೆ... ನನಗಾಗಿ ಉಳಿಯಬೇಕು ಎಂದು ಒಬ್ಬ ನೀರು ಕುಡಿಯುತ್ತಿದ್ದಾನೆ.

ಒಂದೇ ಒಂದು ವಿಚಿತ್ರ. ಅವನು ಶೂ ಬಿಚ್ಚುತ್ತಿರಲಿಲ್ಲ.

"ಇಡೀ ದಿನ ಪೆಡಲ್ ತುಳಿದಿದ್ದೀಯ. ಕಾಲು ಕೊಡು, ಬಿಸಿನೀರಲ್ಲಿ ತೊಳೀತೀನಿ. ದುಡ್ಡು ಕೊಡಬೇಡ."

"ನನ್ನ ಕಾಲು ನಾರುತ್ತೆ. ನೋಡಿದ್ರೆ ನೀನು ಓಡಿಹೋಗ್ತೀಯ."

"ಈ ಊರಿನ ಅರ್ಧ ಕಾಲುಗಳ ವಾಸನೆ ನನಗೆ ಗೊತ್ತು."

"ಹಾಗಾದ್ರೆ ಉಳಿದ ಅರ್ಧದಲ್ಲಿ ನಾನಿರ್ತೀನಿ ಬಿಡು."

ಆರು ತಿಂಗಳು ಹೀಗೆ ಕಳೆಯಿತು. ಗುಡಾಣದ ಒಂದು ಮಗ್ಗುಲು ಬೆಳ್ಳಗಾಯಿತು. ಪ್ರತಿ ತಿಂಗಳು ಒಂದು ಸೀಸೆ. ಬೆಕ್ಕಿಗೆ ಬೇಕಾದದ್ದು ದಿನಕ್ಕೆ ಕೆಲವೇ ಹನಿ. ತೆರೆದ ಸೀಸೆ ಆ ಸೆಕೆಗೆ ತಿಂಗಳಲ್ಲಿ ಕೆಟ್ಟುಹೋಗುತ್ತಿತ್ತು. ಮುಕ್ಕಾಲಿಗಿಂತ ಹೆಚ್ಚು ಉಳಿದದ್ದನ್ನು ಅವಳು ಬಚ್ಚಲಿಗೆ ಚೆಲ್ಲುತ್ತಿದ್ದಳು.

ಏಳನೆಯ ತಿಂಗಳು ಹೊಸ ಸೀಸೆ ಬರಲಿಲ್ಲ. ಹಳೆಯದು ಮಬ್ಬಾಯಿತು. ಎರಡು ದಿನ ಬೊನಿಯಾತೊ ಬಟ್ಟಲಿನ ನೀರನ್ನು ತಳ ಕಾಣುವವರೆಗೆ ಕುಡಿಯಿತು. ಮೂರನೆಯ ಬೆಳಿಗ್ಗೆ ಮರಳಿನ ತಟ್ಟೆಯ ತುಂಬ ಇರುವೆ.

ಅದೇ ಬೆಳಿಗ್ಗೆ ಎದೆಲ್ಮಿರಾ ಗೋಡೆಯಾಚೆ ಗಂಟಲು ಸರಿಮಾಡಿಕೊಂಡಳು.

"ಹೇಳಬಾರದು ಅಂತಿದ್ದೆ ಮಗಳೇ. ನಿನ್ನ ರಿಕ್ಷಾದವನು ದಿನ ಬಿಟ್ಟು ದಿನ ಮಾರುಕಟ್ಟೆ ಹಿಂದಿನ ಕೆಂಪು ಬಾಗಿಲಿನ ಮನೆಗೆ ಹೋಗ್ತಾನೆ. ಒಳಗೆ ಹೋದ್ರೆ ಅರ್ಧ ತಾಸು. ಆ ಹೆಂಗಸಿನ ಗಂಡ ಊರಲ್ಲಿಲ್ಲ."

"ಬಾಡಿಗೆ ಇರಬಹುದು."

"ಹೌದು ಹೌದು. ರಿಕ್ಷಾ ಹೊರಗೆ, ಬಾಡಿಗೆ ಒಳಗೆ."

ಒದಾಲಿಸ್ ಹೋಗಬಾರದು ಎಂದುಕೊಂಡಳು. ಹೋದಳು.

ಕಿಟಕಿಯ ಸರಳುಗಳ ನಡುವೆ ಕಂಡದ್ದು ಇಷ್ಟೇ. ಅನ್ಸೆಲ್ಮೊ ತೂಗುಕುರ್ಚಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಒರಗಿದ್ದ. ಎದುರಿನ ಮಣೆಯ ಮೇಲೆ ಚೆಂದದ ಹೆಂಗಸೊಬ್ಬಳು ಕುಳಿತು ಏನೋ ಹೇಳಿ ನಗುತ್ತಿದ್ದಳು. ಅವನ ಬರಿಗಾಲು ಆ ಹೆಂಗಸಿನ ಮಡಿಲಲ್ಲಿತ್ತು.

ಚುಂಬಿಸುವುದನ್ನು ಕಂಡಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಕಾಲು... ನನಗೆ ತೋರಿಸದ ಕಾಲು.

ಅವಳು ಇನ್ನೊಂದು ಕ್ಷಣವೂ ಅಲ್ಲಿ ನಿಲ್ಲಲಿಲ್ಲ.

*

ಅಂದು ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಅವನು ಬಂದ. ಮುಖದಲ್ಲಿ ಗೆಲುವು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೀಸೆ.

"ಕೊನೆಗೂ ಬಂತು ನೋಡು. ಎಲ್ಲಿ ನಮ್ಮ ಸಿಹಿಗೆಣಸು?"

ಒದಾಲಿಸ್ ಕೆಲಸದ ಮಣೆಯ ಮೇಲೆ ಕುಳಿತಿದ್ದಳು. ಎದುರಿಗೆ ಬಿಸಿನೀರಿನ ಬೋಗುಣಿ.

"ಕೂತ್ಕೊ. ಶೂ ಬಿಚ್ಚು."

"ಮೊದಲು ಬೆಕ್ಕಿಗೆ..."

"ಶೂ ಬಿಚ್ಚು ಅಂದೆ. ಆ ಕೆಂಪು ಬಾಗಿಲಿನವಳ ಮಡಿಲಲ್ಲಿ ಇಡೋ ಕಾಲನ್ನ ನನ್ನ ಮಡಿಲಲ್ಲಿ ಇಡೋಕೆ ನಿಂಗೇನು ರೋಗ?"

ಅವನು ಕುರ್ಚಿಯಲ್ಲಿ ಕುಸಿದು ಕುಳಿತು ನಗಲು ನೋಡಿದ.

"ಅದೇ ರೋಗ," ಎಂದ. "ನಿನ್ನ ಬೆಕ್ಕಿಗಿರೋದೇ."

ಮಾತು ಅವಳ ತಲೆಗೆ ಹೋಗುವ ಮೊದಲೇ ಅವಳ ಕೈಗಳಿಗೆ ಗೊತ್ತಾಗಿತ್ತು. ಅವು ಬಗ್ಗಿ ಲೇಸು ಸಡಿಲಿಸಿದವು. ಕಾಲುಚೀಲ ಅಂಟಿಕೊಂಡಿತ್ತು. ಬಿಸಿನೀರು ಹನಿಸಿ ಬಿಡಿಸಿದಳು. ಒಳಗೆ ಅಚ್ಚುಕಟ್ಟಾದ ಬ್ಯಾಂಡೇಜು ಪಟ್ಟಿ, ನುರಿತ ನರ್ಸಿನ ಕೈಯ ಪಟ್ಟಿ. ಅದರ ಕೆಳಗೆ ಎರಡನೆಯ ಬೆರಳು ಕಪ್ಪಗಿತ್ತು. ಪಾದದ ಅಡಿಯಲ್ಲಿ ನಾಣ್ಯದಗಲದ ಗಾಯ.

ಇಂಥ ಕಾಲುಗಳನ್ನು ಅವಳು ನೋಡಿದ್ದಳು. ಕೆಲವನ್ನು ಕತ್ತರಿಸುವ ಮುನ್ನ ಕಡೆಯ ಸಲ ನೋಡಿದ್ದಳು.

"ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು. ಆ ಕೆಂಪು ಬಾಗಿಲಿನವಳು ನರ್ಸು, ಪಟ್ಟಿ ಕಟ್ತಾಳೆ. ನಾನು ತಮಾಷೆ ಮಾಡಿದ್ರೆ ನಗ್ತಾಳೆ, ಅಷ್ಟೇ."

"ನಿನ್ನ ಕಾರ್ಡಿಗೆ ತಿಂಗಳಿಗೆ ಎಷ್ಟು ಸೀಸೆ?"

ಅವನು ಕಿಟಕಿಯ ಕಡೆ ನೋಡಿದ.

"ಅನ್ಸೆಲ್ಮೊ. ಎಷ್ಟು?"

"ಎರಡು."

"ನಿನ್ನ ಅಮ್ಮ?"

"ಅಮ್ಮ ಹೋಗಿ ಹನ್ನೊಂದು ವರ್ಷ. ಅವಳಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ."

ಒದಾಲಿಸ್‌ಗೆ ಒಂದೊಂದೇ ನೆನಪಾಯಿತು. ಜೇಬಿನಲ್ಲಿದ್ದ ಸಕ್ಕರೆ ಪೊಟ್ಟಣ... ಯಾವ ಆರೋಗ್ಯವಂತ ಅದನ್ನು ಇಟ್ಟುಕೊಂಡು ತಿರುಗುತ್ತಾನೆ? ಬಚ್ಚಲಿಗೆ ಚೆಲ್ಲಿದ ಆರು ಸೀಸೆ. ಗುಡಾಣದ ಮೇಲೆ ಅವನೇ ಎಳೆದ ಗೀಟುಗಳು. ಮತ್ತೆ ಆ ಮೂರು ಲೋಟ ನೀರು. ಬೆಕ್ಕಿನ ಬಟ್ಟಲಿಗೆ ಗೆರೆ ಎಳೆದು ಒಂದೊಂದು ಗುಟುಕನ್ನೂ ಅಳೆದವಳು, ಕಣ್ಣೆದುರು ಮನುಷ್ಯನೊಬ್ಬ ಬಾಯಾರಿ ಒಣಗುತ್ತಿದ್ದರೆ ಅದನ್ನು ಪ್ರೀತಿ ಎಂದುಕೊಂಡಿದ್ದಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೊದಲ ದಿನಾನೇ ಬೇಡ ಅಂತಿದ್ದೆ."

"ಅಂತಿದ್ದೆ."

"ಆಮೇಲೆ ನಾನು ಯಾವ ನೆಪಕ್ಕೆ ಈ ಬಾಗಿಲಿಗೆ ಬರ್ಬೇಕಿತ್ತು? ನನ್ನಂಥವನನ್ನ ಬರೀ ನನಗೋಸ್ಕರ ಯಾರು ಒಳಗೆ ಕರೀತಾರೆ, ಒದಾಲಿಸ್? ಈ ಬೆಕ್ಕು ಬದುಕಿದಷ್ಟು ದಿನ ಸಂಜೆ ಏಳು ಗಂಟೆ ನಂದು ಅಂದ್ಕೊಂಡಿದ್ದೆ."

"ಹುಚ್ಚ," ಎಂದಳು ಅವಳು. "ಈ ಕಾಲು ಹೋದ್ರೆ ನನ್ನ ಬಾಗಿಲಿಗೆ ಹೇಗೆ ಬರ್ತಿದ್ದೆ? ನಾನು ಕಾಯ್ತಾ ಇದ್ದಿದ್ದು ಸೀಸೆಗಲ್ಲ."

ಅವನು ತಲೆಯೆತ್ತಿ ನೋಡಿದ. ಅವಳು ಮುಖ ತಿರುಗಿಸಿ, ಅವನ ಕಾಲನ್ನು ಮಡಿಲಿಗೆ ಎಳೆದುಕೊಂಡು ಹೊಸ ಪಟ್ಟಿ ಸುತ್ತತೊಡಗಿದಳು.

ಚರ್ಚಿನ ಗಂಟೆ ಏಳು ಹೊಡೆಯಿತು. ಅಂಗಳದಿಂದ ಬೊನಿಯಾತೊ ಬಂತು, ಹಿಂಗಾಲು ಎಳೆಯುತ್ತ. ಬಟ್ಟಲಿನ ಬಳಿ ನಿಂತು ನೀರು ಕುಡಿಯಿತು, ಬಹಳ ಹೊತ್ತು. ಆಮೇಲೆ ಇಬ್ಬರ ನಡುವೆ ಮಲಗಿ, ಆರು ತಿಂಗಳ ಅಭ್ಯಾಸದಂತೆ, ತಾನಾಗಿ ಕುತ್ತಿಗೆ ಬಗ್ಗಿಸಿ ಚುಚ್ಚುವ ಜಾಗ ಒಡ್ಡಿತು.

"ಈ ಸಲ ಎಷ್ಟು ಸೀಸೆ ಸಿಕ್ಕಿತು?" ಅವಳು ಕೇಳಿದಳು.

"ಇದೊಂದೇ. ಔಷಧಿ ಅಂಗಡೀಲೂ ಸರಕು ಬಂದಿಲ್ವಂತೆ."

ಅವನು ಸೀಸೆಯನ್ನು ಒದ್ದೆ ಬಟ್ಟೆಯಿಂದ ಬಿಡಿಸಿ ಅವಳ ಮುಂದೆ ಹಿಡಿದ.

"ಇನ್ನು ಮುಚ್ಚುಮರೆ ಇಲ್ಲ. ಇಲ್ಲೇ ಇಡ್ತೀನಿ, ನಾನೂ ಇಲ್ಲೇ ಚುಚ್ಕೋತೀನಿ. ಅದಕ್ಕೆ ಬೇಕಿರೋದು ಕೆಲವೇ ಹನಿ. ನಂಗೆ ಅದರಿಂದ ಏನೂ ಆಗಲ್ಲ."

"ನಿನಗೇ ಅರ್ಧ ತಿಂಗಳಿಗಷ್ಟೇ ಸಾಕಾಗೋದು ಅದು. ಈ ಕಾಲಿಟ್ಕೊಂಡು ಒಂದು ಹನೀನೂ ಬಿಡೋ ಹಾಗಿಲ್ಲ."

"ನೋಡು ಅದನ್ನ. ಹೇಗೆ ಕಾಯ್ತಿದೆ ನೋಡು."

ಅವಳು ನೋಡಿದಳು. ಬೊನಿಯಾತೊ ಕಣ್ಣು ಮುಚ್ಚಿತ್ತು. ಅವಳ ಕೈ ತಾನಾಗಿ ಅದರ ಕುತ್ತಿಗೆಯ ಸಡಿಲ ಚರ್ಮವನ್ನು ಹುಡುಕಿ, ಹಿಡಿದು, ಬಿಟ್ಟಿತು. ಹದಿನೈದು ವರ್ಷದ ಜೀವ ಅಂಗೈ ಕೆಳಗೆ ಮೆಲ್ಲಗೆ ಗುರುಗುಟ್ಟುತ್ತಿತ್ತು.

"ಇವತ್ತು ಒಂದು ಸಲ ಕೊಡೋಣ," ಅವನ ದನಿ ಅಂಗಲಾಚುತ್ತಿತ್ತು. "ಇದೊಂದು ಸಲ, ಒದಾಲಿಸ್. ನನಗೋಸ್ಕರ."

"ಬೇಡ," ಎಂದಳು ಒದಾಲಿಸ್.