ಎಡಗಿವಿಯ ಮಷೀನು

ಹಳೆಯ ಸಾಮಾನು ಮಾರುವ ಆನ್‌ಲೈನ್ ತಾಣವೊಂದರಲ್ಲಿ ಕದ್ದ ಮಾಲು, ನಿಷೇಧಿತ ಮಾಲು ಹುಡುಕಿ ತೆಗೆದುಹಾಕುವುದು ನನ್ನ ಕೆಲಸ. ಬಂದೂಕಿನಿಂದ ಹಿಡಿದು ಆನೆದಂತದವರೆಗೆ ಎಲ್ಲ ಕಂಡವಳು. ಸುಲಭಕ್ಕೆ ಹೆದರುವ ಪೈಕಿಯಲ್ಲ. ಆದರೆ ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಣ್ಣಿಗೆ ಬಿದ್ದ ಜಾಹೀರಾತು ನನ್ನನ್ನೂ ಹೆದರಿಸಿತು.

‘ಕಿವಿ ಕೇಳಿಸುವ ಮಷೀನು. ಎಡಗಿವಿಯದು. ಬಳಸಿದ್ದು.’

ಫೋಟೋದಲ್ಲಿ ಅದರ ಬೆನ್ನ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ. ಎಡ ಬಲ ಗೊತ್ತಾಗಲಿ ಎಂದು ಅಕ್ಕನ ಎರಡು ಮಷೀನುಗಳಲ್ಲಿ ಎಡಗಿವಿಯದಕ್ಕೆ ಆ ಚುಕ್ಕೆ ಇಟ್ಟವಳು ನಾನೇ. ಎರಡನ್ನೂ ಅವಳ ಕಿವಿಯಲ್ಲೇ ಬಿಟ್ಟು ಮಣ್ಣು ಮಾಡಿ ಎರಡು ವರ್ಷವಾಗಿತ್ತು.

ಯಾವನೋ ಗೋರಿ ಅಗೆದಿದ್ದಾನೆಂದು ರಕ್ತ ಕುದಿಯಿತು. ಜಾಹೀರಾತು ತೆಗೆದು ಖಾತೆ ಮುಚ್ಚಿದೆ. ಐದೇ ನಿಮಿಷಕ್ಕೆ ಮತ್ತೆ ಬಂತು. ಈ ಸಲ ಮಷೀನಿನ ಮೇಲೆ ಬೆವರಿನಂಥ ಹನಿಗಳಿದ್ದವು. ಹತ್ತಿರದಲ್ಲೆಲ್ಲೋ ಸಣ್ಣಗೆ ಕುಂಯ್ ಎಂಬ ಸದ್ದು. ಮಷೀನು ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಬರುವಂಥದ್ದು.

“ಯಾರ ಫೋನೇ ಅದು?” ಎಂದು ಪಕ್ಕದ ಕುರ್ಚಿಯ ಗೆಳತಿ ತಲೆಯೆತ್ತಿದಳು.

ಕೊಳ್ಳುವವಳಂತೆ ಬರೆದೆ: ‘ಸರಿಯಾಗಿ ಕೇಳ್ಸುತ್ತಾ?’

‘ಕೇಳ್ಸುತ್ತೆ ಚಿನ್ನೀ. ಒಂದರಲ್ಲೇ ಎಲ್ಲಾ ಕೇಳ್ಸುತ್ತೆ. ಇನ್ನೊಂದು ಯಾಕೆ ಸುಮ್ನೆ?’

ನನ್ನನ್ನು ಹಾಗೆ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ.

ನಾನು ದೂರು ಕೊಟ್ಟ ಮೇಲೆ ಪೊಲೀಸರು ಅನುಮತಿ ತಂದು ಗೋರಿ ತೆಗೆಸಿದರು. ಭಾವ ನನ್ನ ತೋಳು ಹಿಡಿದು ನಿಂತಿದ್ದರು. ಮೇಲಿನ ಕಲ್ಲು ಕದಲಿರಲಿಲ್ಲ. ಪೆಟ್ಟಿಗೆಯ ಮೊಳೆಗಳು ತುಕ್ಕು ಹಿಡಿದು ಹಾಗೇ ಇದ್ದವು.

“ಇದನ್ನ ಯಾರೂ ಮುಟ್ಟಿಲ್ಲ ಮೇಡಂ,” ಎನ್ನುತ್ತ ಇನ್‌ಸ್ಪೆಕ್ಟರು ಮುಚ್ಚಳ ತೆರೆಸಿದರು.

ತಲೆಯ ಬಲಕ್ಕೆ ಒಂದು ಮಷೀನು ಇತ್ತು. ಎಡಕ್ಕೆ ಏನೂ ಇರಲಿಲ್ಲ.