ಸಾವಂತ್ರೆವ್ವನ ಒಡಪು

“ಪೇಷಂಟ್ ಹೆಸರೇನ್ರಿ?” ನರ್ಸ್ ಅಂಬಿಕಾ ಮತ್ತೆ ಕೇಳಿದಳು.

ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಸಾಂಖಳಿ ಹತ್ತಿರದ ಈ ಹಳ್ಳಿ ದವಾಖಾನೆಗೆ ಅವರನ್ನು ಕರೆತರುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು.

ನಮ್ಮವರೆಂದರೆ ಯಾರೆಂದುಕೊಂಡಿರಿ! ಬಾದಾಮಿ ಕಡೆಯಿಂದ ಗಡಿ ದಾಟಿ ಬಂದು ಈ ಪರಸೀಮೆಗೆಲ್ಲ ಕೆಂಪುಕಲ್ಲಿನ ಗೋಡೆ ಎಬ್ಬಿಸಿದ ಗೌಂಡಿ. ಗೋಡೆಯ ಮೇಲಿಂದಲೇ ನನಗೆ ಕಣ್ಣು ಹೊಡೆಯುತ್ತಿದ್ದ ಆಸಾಮಿ. ಈ ಮಳೆಗಾಲದಿಂದ ಅವರ ಬಾಯಿ ಬಂದ್. ಊಟ ಬೇಡ, ನಿದ್ದೆ ಇಲ್ಲ, ಬಾಗಿಲಾಚೆ ಕಾಲಿಡುವುದಿಲ್ಲ. “ವಯಸ್ಸಾತು ಬಿಡವಾ,” ಎಂದರು ಓಣಿಯವರು. ನಾನು ದೃಷ್ಟಿ ತೆಗೆದೆ, ನಿಂಬೆಹಣ್ಣು ಕಟ್ಟಿದೆ. ಮನೆಮನೆ ತಿರುಗುವ ಅಂಬಿಕಾ ನೋಡಿ ಹೇಳಿದಳು: “ಇದು ಮುಪ್ಪಲ್ರಿ ಅವ್ವಾ, ಮನಸಿನ ಬ್ಯಾನಿ, ಖಿನ್ನತೆ. ಔಷಧ ಐತಿ. ಆದ್ರ ಡಾಕ್ಟರ್ ಮುಂದ ಅವರು ಬಾಯಿ ಬಿಡಬೇಕು.”

ಸಾಲಿನಲ್ಲಿ ಯಾರೋ ನಕ್ಕರು. “ಗಂಡನ ಹೆಸರೂ ಗೊತ್ತಿಲ್ಲೇನಬೇ?”

ನಮ್ಮವರು ಎದ್ದೇಬಿಟ್ಟರು. “ನಡಿ ಮನಿಗೆ. ನನ್ನ ಹೆಸರು ಯಾರಿಗೆ ಬೇಕಾಗೈತಿ?”

ನಮ್ಮಲ್ಲಿ ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ತರಲೇಬೇಕೆಂದರೆ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿ ಹೇಳಬೇಕು. ಮದುವೆಯ ದಿನ ಎಲ್ಲರೂ ಬಾಗಿಲು ಅಡ್ಡಗಟ್ಟಿ ಕೇಳಿದರೂ ನಾನು ನಾಚಿ ಮುಖ ಮುಚ್ಚಿಕೊಂಡಿದ್ದೆ. ಒಂದ್ಸಲ ಹೇಳೇ ಎಂದು ಇವರು ತಲೆ ನೆರೆಯುವ ತನಕ ಕಾಡಿದರೂ ಬಗ್ಗಿರಲಿಲ್ಲ.

ಯಾರಿಗೆ ಬೇಕಾಗಿದೆಯಂತೆ! ಮೈ ಉರಿಯಿತು. ಅವರ ಕೈ ಹಿಡಿದೆ, ಇಡೀ ದವಾಖಾನೆಗೆ ಕೇಳುವಂತೆ ಹೇಳಿದೆ:

“ಕೆಂಪಕಲ್ಲಿನ ಮ್ಯಾಲ ಕೆಂಪಕಲ್ಲು ಹೂಡಿ,
ಊರೆಲ್ಲಾ ಎಬ್ಬಿಸ್ಯಾರ ಗಟ್ಟಿಮುಟ್ಟ ಗೋಡಿ,
ಕಂಠೆಪ್ಪನವರ ಸಾವಂತ್ರೆವ್ವ ನಾ, ಮುರಿಯಾಂಗಿಲ್ಲ ಜೋಡಿ!”

ನಕ್ಕವರೇ ಚಪ್ಪಾಳೆ ತಟ್ಟಿದರು. ನಮ್ಮವರು ತಲೆ ಎತ್ತಿ ನನ್ನನ್ನು ನೋಡಿದರು. ಎಷ್ಟು ದಿನವಾಗಿತ್ತು ಆ ಕಣ್ಣು ನನ್ನ ಮೇಲೆ ನಿಲ್ಲದೆ!

“ಇಷ್ಟು ಜೋರಾಗಿ ಹೇಳೂದಾ? ನಾಚಿಗಿ ಇಲ್ಲೇನ ನಿನಗ?”

“ನಾಚಿಗಿ ಯಾಕ್ರಿ? ನನ್ನ ಗಂಡ ಅಂದ್ರ ಸಣ್ಣ ಮನಿಷ್ಯಾ ಏನ್?”

ಅವರು ಮೆಲ್ಲಗೆ ಕುಳಿತರು. ನನ್ನ ಕೈ ಬಿಡಲಿಲ್ಲ. “ಇನ್ನೊಮ್ಮೆ ಹೇಳ.”

“ಮೊದಲ ಒಳಗ ಹೋಗಿ ಡಾಕ್ಟರಿಗೆ ಎಲ್ಲಾ ಹೇಳ್ರಿ. ಹೊರಗ ಬಂದಿಂದ ಹೊಸಾದೊಂದು ಹೇಳ್ತೇನಿ.”

ಹೋದರು. ಬಾಗಿಲಲ್ಲಿ ತಿರುಗಿ ನೋಡಿದರು. ಕಣ್ಣು ಹೊಡೆಯಲಿಲ್ಲ, ಅಷ್ಟು ಬಲ ಇನ್ನೂ ಬಂದಿರಲಿಲ್ಲ. ಒಳಗೆ ಡಾಕ್ಟರು ಹಿಂದಿಯಲ್ಲಿ ಹೆಸರು ಕೇಳಿದರು.

“ಕಂಠೆಪ್ಪ ರೀ,” ಎಂದರು ನಮ್ಮವರು, ಹೊರಗೆ ನನಗೂ ಕೇಳುವಂತೆ. “ಸಾವಂತ್ರೆವ್ವನ ಗಂಡ.”