ಗ್ರೂಪ್ ಬಿಟ್ಟ ಗಂಗಯ್ಯಜ್ಜ

"ನಾ ಸತ್ತೇನೇನು? ಬಾಯಿ ಬಿಟ್ಟು ಹೇಳ, ನಾ ಸತ್ತೇನೇನು?"

"ಇಲ್ಲಜ್ಜ," ಅಂದಳು ಶಿವಾನಿ.

"ಮತ್ತ ಇವ್ರೆಲ್ಲಾ ಯಾಕ ಬಂದಾರ?"

ಬಾಗಿಲಲ್ಲಿ ತೊರಗಲ್ಲಿನ ಭಜನಾ ಮೇಳದವರು ನಿಂತಿದ್ದರು. ಪೇಟಿ, ತಬಲಾ ಸಮೇತ ಒಂದೇ ಟಂಟಂನಲ್ಲಿ ಒತ್ತಿಕೊಂಡು ರಾಮದುರ್ಗಕ್ಕೆ ಬಂದಿದ್ದರು. ಎಲ್ಲರಿಗಿಂತ ಮುಂದೆ ಬಸಲಿಂಗಪ್ಪ ಕಾಕಾ. ಅವನ ಕೈಯಲ್ಲಿ ಎಮ್ಮೆಯ ಕೊರಳಿಗೂ ದೊಡ್ಡದಾಗುವಂಥ ಹಾರ. ದಾರಿಯುದ್ದಕ್ಕೂ ಅತ್ತು ಮೂಗು ಬದನೆಕಾಯಿ ಆಗಿತ್ತು.

"ಅಯ್ಯಾರ, ನೀವು... ಚಾ ಕುಡ್ಯಾಕ ಹತ್ತೀರಿ?"

"ಕುಡೀಬಾರದೇನು?"

"ಕುಡೀರಿ, ಕುಡೀರಿ. ಈ ಹಾರ ಏನ್ ಮಾಡ್ಲಿ?"

"ನೀನ ಹಾಕ್ಕೋ."

ಎಲ್ಲ ಶಿವಾನಿ ಮಾಡಿದ ಕೆಲಸ. ಬೆಳಿಗ್ಗೆ ಅವಳ ಶಾಲೆಯಲ್ಲಿ ಅಜ್ಜನಿಗೆ ಸನ್ಮಾನ ಮಾಡಿ ಹಾರ ಹಾಕಿ ಕಳಿಸಿದ್ದರು. ಮನೆಗೆ ಬಂದ ಅಜ್ಜ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೂಜೆ ಮಾಡಿದ, ಊಟ ಮಾಡಿದ. ಹಾರ ತೆಗೆಯಲು ಮನಸ್ಸಾಗದೆ ಹಾಗೇ ಗೋಡೆಗೆ ಒರಗಿ ಕುಳಿತ. ಕುಳಿತಲ್ಲೇ ನಿದ್ದೆ ಹೋದ.

ಶಿವಾನಿಗೆ ಅದನ್ನು ನೋಡಿ ಖುಷಿಯಾಯಿತು. ಅಜ್ಜನ ಫೋನಿನಲ್ಲೇ ಫೋಟೋ ಹೊಡೆದು, ಅಜ್ಜನ ಭಜನಾ ಗ್ರೂಪಿಗೇ ಹಾಕಿದಳು. ಕೆಳಗೆ 'ನಮ್ಮ ಅಜ್ಜ' ಅಂತ ಬರೆದು, ಕೈ ಮುಗಿಯುವ ಚಿತ್ರ ಒತ್ತಿದಳು. ಅಷ್ಟರಲ್ಲಿ ಗೆಳತಿ ರೇಣು ಕರೆದಳು. ಫೋನು ಬಿಟ್ಟು ಕುಂಟಾಬಿಲ್ಲೆ ಆಡಲು ಓಡಿದಳು.

ಇವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಫೋಟೋ ನೋಡಿದವರು ಇನ್ನೇನು ತಿಳಿಯಬೇಕು?

"ನನ್ನ ಫೋನಿಂದ ನನ್ನ ಸಾವು ನಾನ ಸಾರಿದಂಗಾತು," ಅಂತ ಅಜ್ಜ ಚಹಾದ ಕಪ್ಪು ಕುಕ್ಕಿದ.

"ಡಿಲೀಟ್ ಮಾಡ್ತೇನಿ ಅಜ್ಜ. ಎಲ್ಲಾರ ಫೋನಿಂದೂ ಹೋಗತೈತಿ." ಶಿವಾನಿ ಮಾಡಿಯೇಬಿಟ್ಟಳು.

ಬಸಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಅದು ಹೋತು ಖರೆ. ಆದ್ರ ಒಂದು ಬ್ಯಾನರ್ ಮಾಡ್ಸೇವಿ."

ಇಬ್ಬರು ಅದನ್ನು ಬಿಚ್ಚಿ ಹಿಡಿದರು. ಬಾಗಿಲಿಗಿಂತ ಅಗಲ. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ', ಮೇಲೆ ಅದೇ ಫೋಟೋದಿಂದ ಎತ್ತಿದ, ನಿದ್ದೆಯಲ್ಲಿದ್ದ ಅಜ್ಜನ ಮುಖ. ತೆರೆದ ಬಾಯಲ್ಲಿ ಒಂದು ಕೂಸು ಆರಾಮಾಗಿ ಕೂರಬಹುದಿತ್ತು. ಹಲ್ಲು ಮಾತ್ರ ಒಂದೂ ಇರಲಿಲ್ಲ.

"ಅಯ್ಯಾರ್ದು ಹಲ್ಲಿನ ಸೆಟ್ ಏನ್ರಿ?" ತಬಲಾದವನು ಕೇಳಿಯೇಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ಅಜ್ಜನ ಹೆಂಡತಿ ಸಾವಿತ್ರೆವ್ವಜ್ಜಿಯೂ ಬಾಯಿಗೆ ಸೆರಗು ತುರುಕಿಕೊಂಡಳು. ಶಿವಾನಿಗೂ ನಗು ಉಕ್ಕಿ ಬಂತು.

ಆಮೇಲೆ ಅಜ್ಜನನ್ನು ನೋಡಿದಳು. ಅಜ್ಜ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಈಗ ಹಲ್ಲು ಹಾಕಿಕೊಂಡೇ ಇದ್ದ, ಆದರೂ ಮುಚ್ಚಿಕೊಂಡಿದ್ದ. ಅವಳ ನಗು ಅಲ್ಲಿಗೇ ನಿಂತಿತು.

"ಸತ್ತಾನ ಅಂದ್ರ ಅನ್ಲಿ," ಅಂದ ಅಜ್ಜ. ಈಗ ದನಿಯಲ್ಲಿ ಜೋರಿರಲಿಲ್ಲ. "ಫೋಟೋ ಹಾಕೂ ಮುಂದ ಒಂದ್ ಮಾತು ಕೇಳಿದ್ರ ಹಲ್ಲಾದ್ರೂ ಹಾಕ್ಕೋತಿದ್ನಿ."

ಫೋನು ತೆಗೆದುಕೊಂಡು ಏನೋ ಒತ್ತಿದ. ಚಪ್ಪಲಿ ಮೆಟ್ಟಿ, ಬ್ಯಾನರಿನ ಕೆಳಗೆ ಬಗ್ಗಿ, ಓಣಿಗೆ ಇಳಿದು ಹೊರಟುಹೋದ.

ಬಸಲಿಂಗಪ್ಪ ತನ್ನ ಫೋನು ನೋಡಿದ. "ಅಯ್ಯಾರು ಗ್ರೂಪ್ ಬಿಟ್ರು. ಸಿಟ್ಟು, ಇಳೀತೈತಿ. ನಾನ ಅಡ್ಮಿನ್ ಅದೇನಿ, ಈಗ ಮತ್ತ ಸೇರಸ್ತೇನಿ."

ಶಿವಾನಿ ಅವನ ಫೋನಿನ ಮೇಲೆ ಅಂಗೈ ಇಟ್ಟಳು.

"ಬ್ಯಾಡ್ರಿ ಕಾಕಾ. ಮೊದ್ಲ ಅಜ್ಜನ್ನ ಕೇಳ್ರಿ."

ಕತ್ತಲಾಗುವಾಗ ಅಜ್ಜ ಊಟಕ್ಕೆ ಬಂದ. ಉಂಡು ಬಚ್ಚಲಿಗೆ ಹಲ್ಲಿನ ಸೆಟ್ ತೆಗೆದು ತೊಳೆಯಲು ಹೋದಾಗ ಶಿವಾನಿ ಹಿಂದೆಯೇ ಹೋಗಿ, ಲೈಟು ಹಾಕಿ, ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿ ಬಂದಳು.

ಗ್ರೂಪಿಗೆ ಮಾತ್ರ ಅಜ್ಜ ಮತ್ತೆ ಬರಲೇ ಇಲ್ಲ.